ಚಿಟಿನಾ ಕಣಿವೆಯ ತಾಮ್ರಶೋಧ

ಅಲಾಸ್ಕದ ರ‍್ಯಾಂಗೆಲ್ ಪರ್ವತಶ್ರೇಣಿಯ ದಕ್ಷಿಣ ಪಾರ್ಶ್ವದಲ್ಲಿರುವ ಕೆನೆಕಾಟ್ ತಾಮ್ರನಿಕ್ಷೇಪವನ್ನು ೧೯೦೦ರಲ್ಲಿ ಕ್ಲಾರೆನ್ಸ್ ವಾರ್ನರ್, ಜಾಕ್ ಸ್ಮಿತ್ ಎಂಬ ಇಬ್ಬರು ಅನ್ವೇಷಕರು ಕಂಡುಹಿಡಿದರೆಂದು ಹೇಳುವುದು ವಾಡಿಕೆ. ಈ ಮಾತು ಅಸತ್ಯವಲ್ಲ. ಆದರೆ ಪೂರ್ಣಸತ್ಯವೂ ಅಲ್ಲ. ಆ ಪ್ರಾಂತದ ಹೆಸರುಗಳನ್ನೂ ಶಿಲೆಗಳನ್ನೂ ಒಡನೊಡನೆ ವಿಚಾರಿಸಿದಲ್ಲಿ ಈ ಶೋಧಕ್ಕೆ ಹಿರಿದಾದ ಪೂರ್ವಚರಿತ್ರೆಯೊಂದು ಇರುವುದು ವ್ಯಕ್ತವಾಗುತ್ತದೆ.

ಆ ಕಣಿವೆಯ ನದಿಗೆ ಚಿಟಿನಾ ಎಂದು ಹೆಸರು. ಅಲ್ಲಿನ ಮೂಲನಿವಾಸಿಗಳಾದ ಆಟ್ನ ಜನರ ನುಡಿಯಲ್ಲಿ ‘ತ್ಸೆದಿ’ ಎಂದರೆ ತಾಮ್ರ, ‘ನಾ’ ಎಂದರೆ ಹೊಳೆ. ಈ ಎರಡರ ಸಮಾಸವೇ ಚಿಟಿನಾ. ಹೊಳೆಯ ಪಾತ್ರದಲ್ಲಿ ಲೋಹರೂಪದಲ್ಲಿಯೇ ದೊರೆಯುತ್ತಿದ್ದ ತಾಮ್ರದ ಗಟ್ಟಿಗಳನ್ನು ಬಡಿದು ಆಯುಧಗಳನ್ನು ಮಾಡುವುದನ್ನೂ ನೆರೆಯ ಜನರೊಡನೆ ವಿನಿಮಯ ಮಾಡುವುದನ್ನೂ ಅವರು ಬಲ್ಲವರಾಗಿದ್ದರು. ೧೮೮೫ರಲ್ಲಿ ಲೆಫ್ಟಿನೆಂಟ್ ಹೆನ್ರಿ ಅಲೆನ್ ಅಲ್ಲಿಗೆ ಬಂದಾಗ ನಾಯಕನಾದ ನಿಕೊಲಾಯನ ಜನರಲ್ಲಿ ತಾಮ್ರದ ಬಳಕೆಯನ್ನು ಕಂಡನು. ೧೮೯೯ರಲ್ಲಿ ಅದೇ ನಿಕೊಲಾಯನು ಆಹಾರಸಾಮಗ್ರಿಗೆ ಪ್ರತಿಯಾಗಿ ತಾನರಿತ ತಾಮ್ರದ ನೆಲೆಯೊಂದನ್ನು ಅನ್ವೇಷಕರಿಗೆ ತಿಳಿಸಿದನು. ವಾರ್ನರ್ ಮತ್ತು ಸ್ಮಿತ್ ಬೆಟ್ಟವನ್ನೇರಿದುದು ಅದರ ಮರುವರ್ಷ.

ಶಿಲೆಗಳ ಸಾಕ್ಷ್ಯವೂ ಇದಕ್ಕೆ ಅನುಗುಣವಾಗಿದೆ. ಇಲ್ಲಿ ಕೆಳಗಿರುವುದು ಟ್ರಯಾಸಿಕ್ ಯುಗದ ಲಾವಾ ಪ್ರವಾಹಗಳಿಂದಾದ ಹಸುರುಶಿಲೆ. ಅದರ ಮೇಲೆ ಸುಣ್ಣಶಿಲೆಯ ಸ್ತರಗಳು. ಹಸುರುಶಿಲೆಯಲ್ಲಿ ಚದರಿದ್ದ ತಾಮ್ರವನ್ನು ಲವಣಜಲವು ಕರಗಿಸಿ, ಬಿರುಕುಗಳ ಮೂಲಕ ಮೇಲಕ್ಕೊಯ್ದು, ಸುಣ್ಣಶಿಲೆಯ ತಳಭಾಗದಲ್ಲಿ ಗಂಧಕದೊಡನೆ ಕೂಡಿಸಿತು. ಹೀಗಾದ ಅದಿರಿಗೆ ಕ್ಯಾಲ್ಕೊಸೈಟ್ ಎಂದು ಹೆಸರು; ಶುದ್ಧವಾಗಿದ್ದಲ್ಲಿ ಅದರಲ್ಲಿ ನೂರಕ್ಕೆ ಸುಮಾರು ೮೦ ಪಾಲು ತಾಮ್ರವಿರುತ್ತದೆ. ಆದುದರಿಂದ ಎರಡು ಶಿಲೆಗಳು ಕೂಡುವ ರೇಖೆಯೇ ಅನ್ವೇಷಕರಿಗೆ ದಾರಿಯಾಯಿತು. ಹೊಳೆಯ ತಾಮ್ರವೂ ಬೆಟ್ಟದ ಅದಿರೂ ಒಂದೇ ಹಸುರುಶಿಲೆಯ ಸಂತತಿ.

ಬಳಿಕ ಸ್ಟೀಫನ್ ಬರ್ಚ್ ಎಂಬ ಯುವಕ ಎಂಜಿನಿಯರನು ಗಣಿಯ ಹಕ್ಕುಗಳನ್ನು ಕೊಂಡನು. ಮಾರ್ಗನ್ ಮತ್ತು ಗುಗೆನ್‌ಹೈಮ್ ಮನೆತನಗಳ ಬಂಡವಾಳವು ಕೂಡಿಬಂದಿತು. ಕಾರ್ಡೋವ ಬಂದರಿನಿಂದ ೧೯೬ ಮೈಲಿಗಳ ರೈಲುಮಾರ್ಗವು ೧೯೧೧ರಲ್ಲಿ ಮುಗಿಯಿತು. ಗಣಿಗಳು ೧೯೩೮ರಲ್ಲಿ ಮುಚ್ಚುವುದರೊಳಗೆ ಸುಮಾರು ೪೬ ಲಕ್ಷ ಟನ್ ಅದಿರಿನಿಂದ ೧೧೮ ಕೋಟಿ ಪೌಂಡಿಗೂ ಮಿಕ್ಕ ತಾಮ್ರವು ದೊರೆಯಿತು. ೧೯೮೦ರಲ್ಲಿ ಆ ಸುತ್ತಣ ಪ್ರದೇಶವು ರಾಷ್ಟ್ರೀಯ ಉದ್ಯಾನವಾಯಿತು.

ಈ ಐಶ್ವರ್ಯದಲ್ಲಿ ಆಟ್ನ ಜನರಿಗೆ ಒಡೆತನವಿರಲಿಲ್ಲ. ಆದರೆ ೧೮೯೯ರಲ್ಲಿ ಅಲ್ಲಿ ಸಂಚರಿಸಿದ ಆಸ್ಕರ್ ರೋನ್ ಎಂಬಾತನಿಂದ ಆ ಹಸುರುಶಿಲೆಗೆ ಬಂದ ಹೆಸರು ‘ನಿಕೊಲಾಯ್ ಹಸುರುಶಿಲೆ’. ಭೂಗರ್ಭಶಾಸ್ತ್ರದಲ್ಲಿ ಅದೇ ಇಂದಿಗೂ ರೂಢಿಯಲ್ಲಿದೆ. ನದಿಯ ಹೆಸರೂ ಶಿಲೆಯ ಹೆಸರೂ ಆ ಶೋಧದಲ್ಲಿ ಮೊದಲ ಪಾಲು ಯಾರದೆಂಬುದಕ್ಕೆ ಪ್ರಮಾಣಗಳಾಗಿ ಉಳಿದಿವೆ.