ಘ್ರಾಣೇಂದ್ರಿಯದ ಪ್ರಾಪ್ಯಕಾರಿತ್ವ

ಇಂದ್ರಿಯಗಳು ವಿಷಯವನ್ನು ಮುಟ್ಟಿ ತಿಳಿಸುವವೋ, ಮುಟ್ಟದೆಯೇ ತಿಳಿಸುವವೋ ಎಂಬ ವಾದವು ನಮ್ಮ ದರ್ಶನಗಳಲ್ಲಿ ಬಹು ಪ್ರಾಚೀನವಾದುದು. ಕಣ್ಣಿನ ವಿಷಯದಲ್ಲಿ ನೈಯಾಯಿಕರಿಗೂ ಬೌದ್ಧಜೈನರಿಗೂ ಒಮ್ಮತವಿಲ್ಲ; ಮೂಗಿನ ವಿಷಯದಲ್ಲಿಯಾದರೋ ಮೂವರೂ ಪ್ರಾಪ್ಯಕಾರಿತ್ವವನ್ನೇ, ಎಂದರೆ ಮುಟ್ಟಿ ಗ್ರಹಿಸುವಿಕೆಯನ್ನೇ, ಅಂಗೀಕರಿಸಿರುವರು.

ವೈಶೇಷಿಕಮತದಲ್ಲಿ ಗಂಧವು ಪೃಥಿವಿಯೊಂದರ ವಿಶೇಷಗುಣ. ಗುಣವು ದ್ರವ್ಯವನ್ನು ಬಿಟ್ಟು ಸಂಚರಿಸಲಾರದು. ಹಾಗಾದರೆ ದೂರದ ಸಂಪಗೆಯ ಕಂಪು ನಮಗೆ ತಿಳಿಯುವುದೆಂತು? ಹೂವಿನ ಸೂಕ್ಷ್ಮಾವಯವಗಳೇ ಗಾಳಿಯೊಡನೆ ಮೂಗನ್ನು ಸೇರುವುವೆಂಬುದು ಸಮಾಧಾನ. ಕಲ್ಲು ಪಾರ್ಥಿವವಾದರೂ ಅದರಲ್ಲಿ ಗಂಧವೆಲ್ಲಿ ಎಂದು ಆಕ್ಷೇಪಿಸಿದರೆ, 17ನೆಯ ಶತಮಾನದ ವಿಶ್ವನಾಥ ಪಂಚಾನನನು ನ್ಯಾಯಸಿದ್ಧಾಂತಮುಕ್ತಾವಳಿಯಲ್ಲಿ ಕಲ್ಲಿನ ಭಸ್ಮದಲ್ಲಿ ತೋರುವ ಗಂಧವನ್ನು ಮುಂದಿಟ್ಟು, ಕಲ್ಲಿನಲ್ಲಿ ಅದು ಉತ್ಕಟವಾಗಿಲ್ಲವೆಂದು ಮಾತ್ರ ಹೇಳುತ್ತಾನೆ. ಹಸುವಿನ ತುಪ್ಪವು ಕುಂಕುಮಕೇಸರಿಯ ಗಂಧವನ್ನು ವ್ಯಕ್ತಪಡಿಸುವಂತೆ ಗಂಧವನ್ನೇ ವ್ಯಕ್ತಪಡಿಸುವ ಘ್ರಾಣವೂ ಪಾರ್ಥಿವವೆಂದು ಅವನ ಅನುಮಾನ.

ಪಾಶ್ಚಾತ್ಯರಲ್ಲಿ ಈ ಇಂದ್ರಿಯಕ್ಕೆ ಬಹುಕಾಲ ಮನ್ನಣೆಯಿರಲಿಲ್ಲ. ದಾರ್ಶನಿಕನಾದ ಕಾಂಟನು 1798ರಲ್ಲಿ ಪ್ರಕಟಿಸಿದ ಮಾನವಶಾಸ್ತ್ರಗ್ರಂಥದಲ್ಲಿ ಅದನ್ನು ಅತ್ಯಂತ ಅನಾವಶ್ಯಕವೆಂದೆಣಿಸಿದನು. 1991ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬವರು ಗಂಧಗ್ರಾಹಕ ಪ್ರೋಟೀನುಗಳ ದೊಡ್ಡದೊಂದು ಕುಲವನ್ನು ಇಲಿಯಲ್ಲಿ ಕಂಡುಹಿಡಿದರು. 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮನುಷ್ಯನಲ್ಲಿ ಕೆಲಸಮಾಡುವ ಗ್ರಾಹಕಗಳ ಬಗೆಗಳು ಸುಮಾರು 400. ವಸ್ತುವಿನಿಂದ ಹೊರಟ ಅಣುಗಳು ಮೂಗಿನೊಳಗಿನ ಲೋಳೆಯಲ್ಲಿ ಕರಗಿ ಇವುಗಳನ್ನು ಮುಟ್ಟುವುವು. ಒಂದೊಂದು ನರಕೋಶದಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ಗ್ರಾಹಕ. ಒಂದು ಗಂಧವು ಹಲವು ಗ್ರಾಹಕಗಳನ್ನು ಕೆರಳಿಸುವುದು. ಆ ಸಮುದಾಯವನ್ನೇ ಮಿದುಳು ಗಂಧವಿಶೇಷವಾಗಿ ಅರಿಯುವುದು.

ಇದರಿಂದ ಪ್ರಾಪ್ಯಕಾರಿತ್ವವು ಉಳಿಯಿತು, ಪಾರ್ಥಿವತ್ವವು ಉಳಿಯಲಿಲ್ಲ. ಜಲಜನಕ ಸಾರಜನಕಗಳೆರಡೂ ನಿರ್ಗಂಧ. ಅವುಗಳ ಸಂಯೋಗದಿಂದಾದ ಅಮೋನಿಯವು ತೀಕ್ಷ್ಣಗಂಧವುಳ್ಳದ್ದು. ಕಾರಣದಲ್ಲಿಲ್ಲದ ಗಂಧವು ಕಾರ್ಯದಲ್ಲಿ ತೋರುವುದರಿಂದ, ಗಂಧವು ಒಂದು ಭೂತದ ಸಹಜಗುಣವೆಂಬ ನಿಯಮವು ನಿಲ್ಲದು. ಪೂರ್ವಿಕರಿಗೆ ಇದೆಲ್ಲವೂ ತಿಳಿದಿತ್ತೆನ್ನುವುದು ಅವರಿಗೆ ಗೌರವವಲ್ಲ. ಆಕ್ಷೇಪಕ್ಕೆ ಹೆದರದೆ ಉತ್ತರ ಹುಡುಕಿದ ಅವರ ಕ್ರಮವನ್ನು ಅನುಸರಿಸುವುದೇ ಗೌರವ.

ಈ ವಿಚಾರವು ಕೇವಲ ಗ್ರಂಥಸ್ಥವೂ ಅಲ್ಲ. 2020ರ ಕೋವಿಡ್ ವ್ಯಾಧಿಯಲ್ಲಿ ಅಸಂಖ್ಯಾತರು ಘ್ರಾಣಶಕ್ತಿಯನ್ನು ಕಳೆದುಕೊಂಡರು. ರೋಗಾಣುವು ಮುಖ್ಯವಾಗಿ ಕೆಡಿಸಿದುದು ನರಕೋಶಗಳನ್ನಲ್ಲ, ಅವುಗಳಿಗೆ ಆಸರೆಯಾದ ಕೋಶಗಳನ್ನು. ಅನ್ನವು ಸಪ್ಪೆಯಾಯಿತು; ಸೀದ ವಾಸನೆಯೂ ಸೋರುವ ಅನಿಲವೂ ತಿಳಿಯದಾದುವು. ವಿಷಯವು ಮೂಗನ್ನು ಮುಟ್ಟಿದರೂ ಇಂದ್ರಿಯವು ಕೆಟ್ಟಲ್ಲಿ ಜ್ಞಾನವಿಲ್ಲ. ಕಾಂಟನು ಅನಾವಶ್ಯಕವೆಂದುದರ ಬೆಲೆಯನ್ನು ಲೋಕವು ಹೀಗೆ ಅರಿಯಬೇಕಾಯಿತು.