ಹೃದಯದ ಓಟ ತಗ್ಗಿಸಿದ ಮಾತ್ರೆಯ ಕಥೆ

ನಾನು ನಾಸಿಕ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ, ಛತ್ರಪತಿ ಸಂಭಾಜಿನಗರಕ್ಕೂ ಓಡಾಟ ಇದ್ದೇ ಇರುತ್ತೆ. ಎರಡೂ ಊರಲ್ಲಿ ನಮ್ಮ ಕನ್ನಡದ ಹಿರಿಯರು ಕೇಳೋ ಪ್ರಶ್ನೆ ಒಂದೇ: "ಹೃದಯ ಸೋತಿದೆ ಅಂತಾರೆ, ಮತ್ತೆ ಬಡಿತ ಇನ್ನೂ ಕಡಿಮೆ ಮಾಡೋ ಮಾತ್ರೆ ಯಾಕಪ್ಪಾ?" ನಾನು ಡಾಕ್ಟರಲ್ಲ. ಆದರೆ ವೈದ್ಯಲೋಕಕ್ಕೂ ಇದೇ ಅನುಮಾನ ಬಹಳ ಕಾಲ ಇತ್ತು. ಆ ಇತಿಹಾಸವೇ ಇವತ್ತಿನ ಮಾತು.

1785ರಲ್ಲಿ ಇಂಗ್ಲೆಂಡಿನ ವಿಲಿಯಂ ವಿದರಿಂಗ್, ಮೈ ಊದಿಕೊಂಡ ರೋಗಿಗಳಿಗೆ ಫಾಕ್ಸ್‌ಗ್ಲವ್ ಎಲೆ ಕೊಟ್ಟ ಅನುಭವವನ್ನು ಪುಸ್ತಕ ಮಾಡಿದರು. ನಾಡಿ ನಿಧಾನವಾಗ್ತಿತ್ತು, ನೀರು ಇಳೀತಿತ್ತು. ಆದರೆ ಪ್ರಮಾಣ ತುಸು ಮೀರಿದರೆ ಅದೇ ವಿಷ.

1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಪ್ರೊಪ್ರನೊಲಾಲ್ ತಂದರು. ಅಡ್ರಿನಲಿನ್ ಹೃದಯಕ್ಕೆ ತಟ್ಟದ ಹಾಗೆ ತಡೆಯೋ ಬೀಟಾ ಬ್ಲಾಕರ್ ಇದು. 1988ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಹೃದಯ ವೈಫಲ್ಯ ಇದ್ದವರಿಗೆ ಇದನ್ನು ಕೊಡಬಾರದು ಅನ್ನೋದು ಆಗಿನ ಪಾಠ. ಸೋತ ಹೃದಯ ಅಡ್ರಿನಲಿನ್ ಬಲದಿಂದಲೇ ನಿಂತಿದೆ, ಅದನ್ನೂ ಕಿತ್ತುಕೊಂಡರೆ ಹೇಗೆ ಅನ್ನೋ ಭಯ.

1975ರಲ್ಲಿ ಸ್ವೀಡನ್‌ನ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಏಳು ರೋಗಿಗಳಿಗೆ ಬೀಟಾ ಬ್ಲಾಕರನ್ನೇ ಕೊಟ್ಟು, ಅವರು ಚೇತರಿಸಿಕೊಂಡರು ಅಂತ ಬರೆದರು. ಬಹಳ ಜನ ನಂಬಲಿಲ್ಲ. 1999ರಲ್ಲಿ 2,647 ರೋಗಿಗಳ ಸಿಬಿಸ್-2 ಅಧ್ಯಯನ ಬಂತು. ಸತ್ತವರ ಪ್ರಮಾಣ ಪೊಳ್ಳು ಮಾತ್ರೆ ತಗೊಂಡವರಲ್ಲಿ ಶೇ. 17.3, ಬಿಸೊಪ್ರೊಲಾಲ್ ತಗೊಂಡವರಲ್ಲಿ ಶೇ. 11.8. ಲಾಭ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನೇ ಬೇಗ ನಿಲ್ಲಿಸಿದರು.

ಇದು ಹೇಗೆ? ಸರ್ವರ್ ಕುಸೀತಿರುವಾಗ ಎಲ್ಲರೂ ಮತ್ತೆ ಮತ್ತೆ ರಿಕ್ವೆಸ್ಟ್ ಕಳಿಸಿದರೆ ಅದು ಇನ್ನೂ ಬೇಗ ಮಲಗುತ್ತೆ. ದೇಹವೂ ಹಾಗೇ. ರಕ್ತ ಸಾಲದು ಅಂತ ಅಡ್ರಿನಲಿನ್ ಸುರೀತಾ ಹೋದರೆ ಸ್ನಾಯು ಸವೆಯುತ್ತೆ. ಹೃದಯಕ್ಕೆ ತನ್ನ ಪಾಲಿನ ರಕ್ತ ಸಿಗೋದು ಹೆಚ್ಚಾಗಿ ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಓಟ ಹೆಚ್ಚಾದಷ್ಟೂ ಆ ಬಿಡುವು ಕಡಿಮೆ.

2010ರ ಶಿಫ್ಟ್ ಅಧ್ಯಯನದಲ್ಲಿ ಇವಾಬ್ರಡಿನ್ ಅನ್ನೋ ಮಾತ್ರೆ ಬಡಿತವೊಂದನ್ನೇ ಇಳಿಸಿತು. ನಾಡಿ 70 ಅಥವಾ ಹೆಚ್ಚು, ಲಯ ಸಹಜ ಇದ್ದವರಲ್ಲಿ ಹೃದ್ರೋಗದ ಸಾವು ಅಥವಾ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದು, ಎರಡೂ ಸೇರಿ ಶೇ. 29ರಿಂದ 24ಕ್ಕೆ ಇಳಿಯಿತು.

ನಮ್ಮೂರಿಗೂ ಈ ಕಥೆಯಲ್ಲಿ ಪಾಲಿದೆ. 1970ರ ಪೇಟೆಂಟ್ ಕಾಯ್ದೆ ಔಷಧದ ಮೇಲೆ ಅಲ್ಲ, ಅದನ್ನು ತಯಾರಿಸುವ ವಿಧಾನದ ಮೇಲೆ ಮಾತ್ರ ಹಕ್ಕು ಕೊಟ್ಟಿತು. ಇದರಿಂದ ಭಾರತದ ಔಷಧ ಉದ್ಯಮ ಬೆಳೆದು ಮಾತ್ರೆ ಅಗ್ಗವಾಯಿತು. ನಾಸಿಕ್‌ನ ಅಂಬಡ, ಸಂಭಾಜಿನಗರದ ವಾಳೂಜ್, ಚಿಕಲ್‌ಠಾಣಾದಲ್ಲಿ ಇವತ್ತೂ ಔಷಧ ಕಾರ್ಖಾನೆಗಳಿವೆ.

ಆದರೆ ಅಗ್ಗದ ಮಾತ್ರೆಯನ್ನೂ ನಮ್ಮವರು ಅರ್ಧಕ್ಕೇ ಬಿಡ್ತಾರೆ. ಮೊದಲ ವಾರಗಳಲ್ಲಿ ಸುಸ್ತಾಗಬಹುದು. ಅದಕ್ಕೇ ಡಾಕ್ಟರು ಸಣ್ಣ ಡೋಸಿನಿಂದ ಶುರು ಮಾಡಿ ನಿಧಾನಕ್ಕೆ ಏರಿಸೋದು. ಬೀಟಾ ಬ್ಲಾಕರನ್ನು ತಟ್ಟನೆ ನಿಲ್ಲಿಸೋದು ಅಪಾಯ. ತಲೆ ಸುತ್ತಿದರೆ, ನಾಡಿ ತೀರಾ ಇಳಿದರೆ, ಉಸಿರು ಕಟ್ಟಿದರೆ ಕೂಡಲೇ ಅವರಿಗೇ ಹೇಳಿ, ಪಕ್ಕದ ಮನೆಯವರ ಮಾತು ಕೇಳಿ ನಿಲ್ಲಿಸಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಇದನ್ನು ಅವರಿಗೆ ಓದಿ ಹೇಳಿ. ಮುಂದಿನ ಮಾತಿನಲ್ಲಿ ಸಿಗೋಣ.