ಮೆಟ್ರಿಕ್ಯುಲೇಷನ್ ಪರೀಕ್ಷೆಯ ಇಂಗ್ಲಿಷ್ ಸಾಹಿತ್ಯ ವ್ಯಾಸಂಗ: ಟಿಪ್ಪಣಿ ಪದ್ಧತಿಯ ಉಗಮ ಮತ್ತು ಪರಿಣಾಮ

1857ರಲ್ಲಿ ಕಲಕತ್ತಾ, ಬೊಂಬಾಯಿ ಮತ್ತು ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಅವು ಆರಂಭದಲ್ಲಿ ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವು. ಪ್ರೌಢಶಾಲೆಯ ಕೊನೆಯ ತರಗತಿಯ ವಿದ್ಯಾರ್ಥಿ ಅವುಗಳ ಬಾಗಿಲನ್ನು ಪ್ರವೇಶಿಸಬೇಕಾದರೆ ದಾಟಬೇಕಾಗಿದ್ದ ಹೊಸ್ತಿಲೇ ಮೆಟ್ರಿಕ್ಯುಲೇಷನ್ ಪರೀಕ್ಷೆ. ಕನ್ನಡನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿಗಳ ಹುಡುಗರು ಬೊಂಬಾಯಿ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುತ್ತಿದ್ದರು. ಮಂಗಳೂರು, ಬಳ್ಳಾರಿಗಳ ಹುಡುಗರು ಮದರಾಸಿನ ಪರೀಕ್ಷೆಗೆ ಕೂರುತ್ತಿದ್ದರು. ಮೈಸೂರು ಸಂಸ್ಥಾನದ ಕಾಲೇಜುಗಳೂ 1916ರಲ್ಲಿ ಸ್ವಂತ ವಿಶ್ವವಿದ್ಯಾಲಯ ಬರುವವರೆಗೆ ಮದರಾಸಿಗೇ ಸೇರಿದ್ದವು. ಕರ್ನಾಟಕದ ಆಧುನಿಕ ಶಿಕ್ಷಣದ ಇತಿಹಾಸವನ್ನು ಬರೆದವರು ಸಂಸ್ಥೆಗಳನ್ನೂ ಅವುಗಳ ಸ್ಥಾಪಕರನ್ನೂ ಕುರಿತು ವಿಸ್ತಾರವಾಗಿಯೇ ಬರೆದಿದ್ದಾರೆ. ಆದರೆ ಪರೀಕ್ಷೆಯ ಮುನ್ನಾದಿನಗಳಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಇಂಗ್ಲಿಷ್ ಪದ್ಯವೊಂದನ್ನು ಮುಂದಿಟ್ಟುಕೊಂಡು ನಿಜಕ್ಕೂ ಏನನ್ನು ಓದುತ್ತಿದ್ದ ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ.

ಈ ಪರೀಕ್ಷೆಗೆ ಪ್ರಾಪ್ತವಾದ ಬೆಲೆ ವಿದ್ಯೆಯಿಂದ ಮಾತ್ರ ಬಂದುದಲ್ಲ. 1844ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಹೊರಡಿಸಿದ ನಿರ್ಣಯವು ಸರ್ಕಾರಿ ಹುದ್ದೆಗಳಲ್ಲಿ ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಆದ್ಯತೆ ನೀಡಿತು. ಅಲ್ಲಿಂದ ಮುಂದೆ ಪರೀಕ್ಷೆಗೂ ಜೀವನೋಪಾಯಕ್ಕೂ ಗಂಟುಬಿತ್ತು. ಕಾಲೇಜು ಸೇರುವ ಉದ್ದೇಶವೇ ಇಲ್ಲದವನೂ ಗುಮಾಸ್ತೆಗಿರಿಗಾಗಿ, ಶಾಲಾ ಉಪಾಧ್ಯಾಯ ವೃತ್ತಿಗಾಗಿ ಮೆಟ್ರಿಕ್ಯುಲೇಷನ್ ಮುಗಿಸಬೇಕೆಂದು ಬಯಸುತ್ತಿದ್ದ. ಹಾಗೆ ಬಯಸಿದವನಿಗೆ ಇಂಗ್ಲಿಷ್ ಸಾಹಿತ್ಯವೇ ಏಕೆ ಎದುರಾಯಿತೆಂಬುದು ಕುತೂಹಲಕರ ಸಂಗತಿ. ಇಂಗ್ಲೆಂಡಿನಲ್ಲೇ ಆ ವಿಷಯಕ್ಕೆ ಪ್ರತಿಷ್ಠೆ ತಡವಾಗಿ ಬಂತು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷಿನ ಆನರ್ಸ್ ಶಾಖೆ ಆರಂಭವಾದದ್ದು 1894ರಲ್ಲಿ. ಕೇಂಬ್ರಿಡ್ಜಿನ ಇಂಗ್ಲಿಷ್ ಟ್ರೈಪಾಸ್ 1917ರದು. ಆದರೆ ಭಾರತದ ಸಿವಿಲ್ ಸರ್ವೀಸಿಗಾಗಿ 1855ರಲ್ಲಿ ಲಂಡನ್ನಿನಲ್ಲಿ ನಡೆದ ಮೊದಲ ಸ್ಪರ್ಧಾ ಪರೀಕ್ಷೆಯಲ್ಲಿ, ಒಟ್ಟು 6875 ಅಂಕಗಳ ಪೈಕಿ ಇಂಗ್ಲಿಷ್ ರಚನೆ, ಸಾಹಿತ್ಯ ಮತ್ತು ಇತಿಹಾಸಗಳಿಗೆ ಸೇರಿ 1500 ಅಂಕಗಳಿದ್ದವು. ಸಂಸ್ಕೃತಕ್ಕೆ 375, ಅರಬ್ಬಿಗೆ 375. ಇಂಗ್ಲಿಷ್ ಸಾಹಿತ್ಯವು ಒಂದು ಜ್ಞಾನಶಾಖೆಯಾಗಿ ನೆಲೆಗೊಳ್ಳುವ ಮೊದಲೇ ಪರೀಕ್ಷೆಯ ವಿಷಯವಾಗಿ ನೆಲೆಗೊಂಡಿತ್ತೆಂಬುದು ಇದರಿಂದ ಸ್ಪಷ್ಟ. ಮುಂದೆ ಕಂಡುಬಂದ ಅನೇಕ ತೊಡಕುಗಳ ಮೂಲ ಇಲ್ಲಿದೆ.

ಪರೀಕ್ಷೆಯ ಸಿದ್ಧತೆಯ ಸ್ವರೂಪವನ್ನು ಪ್ರಶ್ನೆಗಳ ಮಾದರಿಯೇ ನಿರ್ಧರಿಸಿತು. ಪದ್ಯಭಾಗವನ್ನು ಸರಳ ಗದ್ಯಕ್ಕೆ ತಿರುಗಿಸುವುದು, ಅಂದರೆ ಪ್ಯಾರಾಫ್ರೇಸ್, ಕಠಿಣ ಪದಗಳಿಗೂ ಪುರಾಣೋಲ್ಲೇಖಗಳಿಗೂ ಟಿಪ್ಪಣಿ ಬರೆಯುವುದು, ವಾಕ್ಯವಿಭಜನೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಕೊಟ್ಟ ಒಂದೆರಡು ಸಾಲುಗಳನ್ನು ಯಾರು, ಯಾರಿಗೆ, ಯಾವ ಪ್ರಸಂಗದಲ್ಲಿ ಹೇಳಿದರೆಂದು ತಿಳಿಸಿ ವಿವರಿಸುವುದು. ಡ್ಯಾಫೊಡಿಲ್ ಹೂವನ್ನಾಗಲಿ ನೈಟಿಂಗೇಲ್ ಹಕ್ಕಿಯನ್ನಾಗಲಿ ಕಣ್ಣಾರೆ ಕಾಣದ ಶಿವಮೊಗ್ಗದ ಅಥವಾ ಧಾರವಾಡದ ವಿದ್ಯಾರ್ಥಿಗೆ ಈ ವಿವರಣೆ ಸ್ವಾನುಭವದಿಂದ ದೊರೆಯುವಂತಿರಲಿಲ್ಲ. ಚಳಿಗಾಲ ಕಳೆದು ವಸಂತ ಬಂದಾಗ ಇಂಗ್ಲಿಷ್ ಕವಿಗೆ ಆಗುವ ಹರ್ಷವೂ ಅವನಿಗೆ ಅಪರಿಚಿತವೇ. ಅವನ ನಾಡಿನಲ್ಲಿ ಹರ್ಷ ತರುತ್ತಿದ್ದುದು ಮುಂಗಾರು. ಆದ್ದರಿಂದ ಅವನು ಟಿಪ್ಪಣಿಯ ಮೊರೆಹೋದ. ಪುಟದ ಮೇಲೆ ನಾಲ್ಕು ಸಾಲು ಪದ್ಯ, ಪುಸ್ತಕದ ಹಿಂಬದಿಯಲ್ಲಿ ಅದಕ್ಕೆ ನಲವತ್ತು ಸಾಲು ಟಿಪ್ಪಣಿ ಎಂಬಂಥ ಆವೃತ್ತಿಗಳು ಅವನ ನಿಜವಾದ ಪಠ್ಯಗಳಾದವು.

ಭಾರತೀಯ ವಿದ್ಯಾರ್ಥಿಯದು ಕಂಠಪಾಠದ ಪರಂಪರೆ, ಹೊಸ ಶಿಕ್ಷಣದಲ್ಲೂ ಅವನು ಆ ಹಳೆಯ ಚಾಳಿಯನ್ನೇ ಮುಂದುವರಿಸಿದ ಎಂಬ ಅಭಿಪ್ರಾಯ ಅಂದಿನಿಂದ ಇಂದಿನವರೆಗೂ ಪ್ರಚಲಿತವಾಗಿದೆ. ಇದನ್ನು ಹಾಗೆಯೇ ಒಪ್ಪುವುದು ಕಷ್ಟ. ಕೂಲಿಮಠದಲ್ಲಿ ಹುಡುಗ ಅಮರಕೋಶವನ್ನೋ ಜೈಮಿನಿ ಭಾರತದ ಸಂಧಿಯನ್ನೋ ಬಾಯಿಪಾಠ ಮಾಡುತ್ತಿದ್ದುದು ನಿಜ. ಆದರೆ ಅಲ್ಲಿ ಕಂಠಸ್ಥವಾಗುತ್ತಿದ್ದುದು ಪದ್ಯ. ಅದರ ಅರ್ಥವನ್ನು ಅಯ್ಯನವರು ಬಾಯಿಮಾತಿನಲ್ಲಿ ಬಿಡಿಸುತ್ತಿದ್ದರು. ಊರಿನ ಗಮಕ ವಾಚನದಲ್ಲಿ ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ಅಂದಿನ ಸಭೆಗೆ ತಕ್ಕಂತೆ ವ್ಯಾಖ್ಯಾನಿಸುತ್ತಿದ್ದರು. ಪದ್ಯ ಸ್ಥಿರ, ವ್ಯಾಖ್ಯಾನ ಚರ. ಮೆಟ್ರಿಕ್ಯುಲೇಷನ್ ಪರೀಕ್ಷೆಯು ಈ ಕ್ರಮವನ್ನು ತಲೆಕೆಳಗು ಮಾಡಿತು. ಪದ್ಯದ ಸಾಲು ಪ್ರಶ್ನೆಪತ್ರಿಕೆಯಲ್ಲೇ ಅಚ್ಚಾಗಿ ಬರುತ್ತಿದ್ದುದರಿಂದ ಅದನ್ನು ನೆನಪಿಡಬೇಕಾದ ಒತ್ತಾಯ ಅಷ್ಟಾಗಿ ಇರಲಿಲ್ಲ. ನೆನಪಿಡಬೇಕಾದದ್ದು ಅದರ ವಿವರಣೆ. ವಿದ್ಯಾರ್ಥಿಯ ನಾಲಗೆಯಲ್ಲಿ ನಿಂತದ್ದು ಕವಿಯ ಮಾತಲ್ಲ, ಟಿಪ್ಪಣಿಕಾರನ ಮಾತು. ಇದು ಹಳೆಯ ಚಾಳಿಯ ಮುಂದುವರಿಕೆಯಲ್ಲ, ಹೊಸ ಪರೀಕ್ಷೆಯೇ ಹುಟ್ಟಿಸಿದ ಹೊಸ ಅಭ್ಯಾಸ.

ಟಿಪ್ಪಣಿಕಾರರು ಯಾರೆಂಬುದನ್ನು ನೋಡಿದರೆ ಈ ಮಾತಿಗೆ ಮತ್ತಷ್ಟು ಪುಷ್ಟಿ ದೊರೆಯುತ್ತದೆ. ಮ್ಯಾಕ್ಮಿಲನ್ ಕಂಪನಿಯ ಶೇಕ್ಸ್‌ಪಿಯರ್ ಆವೃತ್ತಿಗಳಿಗೆ ಟಿಪ್ಪಣಿ ಬರೆದ ಕೆ. ಡೈಟನ್ ಆಗ್ರಾ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ‘ಇಂಗ್ಲಿಷ್ ವ್ಯಾಸಂಗಕ್ಕೆ ಸೂಚನೆಗಳು’ ಎಂಬರ್ಥದ ಹೆಸರಿನ, ಬಹುಕಾಲ ಬಳಕೆಯಲ್ಲಿದ್ದ ಕೈಪಿಡಿಯನ್ನು 1874ರಲ್ಲಿ ಹೊರತಂದ ರೋ ಮತ್ತು ವೆಬ್ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರು. ವ್ಯಾಕರಣದಿಂದ ಮನೆಮಾತಾದ ನೆಸ್‌ಫೀಲ್ಡ್ ವಾಯವ್ಯ ಪ್ರಾಂತ್ಯಗಳ ವಿದ್ಯಾ ಇಲಾಖೆಯ ನಿರ್ದೇಶಕರು. ಬಜಾರಿನ ಅಗ್ಗದ ‘ಕೀ’ಗಳು ಇವರ ಹಿಂದೆ ಬಂದವು, ಮುಂದೆ ಅಲ್ಲ. ಇಂಗ್ಲೆಂಡಿನಲ್ಲಿಯೂ 1858ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜುಗಳ ಸ್ಥಳೀಯ ಪರೀಕ್ಷೆಗಳು ಆರಂಭವಾದ ಬಳಿಕ ಶಾಲಾ ಆವೃತ್ತಿಗಳ ಟಿಪ್ಪಣಿ ಭಾಗ ಊದಿಕೊಂಡಿತ್ತು. ಸಿವಿಲ್ ಸರ್ವೀಸಿಗೆ ಕೂರುವ ಇಂಗ್ಲಿಷ್ ತರುಣರನ್ನು ತಯಾರು ಮಾಡುವ ‘ಕ್ರ್ಯಾಮರ್’ಗಳು ಲಂಡನ್ನಿನಲ್ಲಿ ಲಾಭದ ಉದ್ಯಮ ನಡೆಸುತ್ತಿದ್ದರು. ಮೆಕಾಲೆಯ ನಾಡಿನ ಹುಡುಗರಿಗೂ ಕೂಲಿಮಠದ ಸಂಸ್ಕಾರವಿತ್ತೆಂದು ಯಾರೂ ವಾದಿಸಿದಂತಿಲ್ಲ.

1863ರಿಂದ 1867ರವರೆಗೆ ಕಲಕತ್ತಾ ವಿಶ್ವವಿದ್ಯಾಲಯದ ಕುಲಪತಿಯ ಸ್ಥಾನದಲ್ಲಿದ್ದ ಹೆನ್ರಿ ಮೇನ್ ಘಟಿಕೋತ್ಸವ ಭಾಷಣದಲ್ಲಿ ‘ಕ್ರ್ಯಾಮ್’ ಎಂಬ ನಿಂದೆಯನ್ನು ಪ್ರಸ್ತಾಪಿಸಿ, ಅದರ ಅರ್ಥವೇ ಖಚಿತವಾಗಿಲ್ಲವೆಂಬ ಧಾಟಿಯಲ್ಲಿ ಮಾತನಾಡಿದ್ದರು. ಅವರ ತಾಳ್ಮೆ ಮುಂದಿನವರಿಗಿರಲಿಲ್ಲ. ಕರ್ಜನ್ ಕಾಲದಲ್ಲಿ ಥಾಮಸ್ ರ‍್ಯಾಲಿಯ ಅಧ್ಯಕ್ಷತೆಯಲ್ಲಿ ನೇಮಕವಾದ 1902ರ ವಿಶ್ವವಿದ್ಯಾಲಯ ಆಯೋಗವು ರೋಗಕ್ಕೆ ನೇರವಾದ ಮದ್ದನ್ನೇ ಸೂಚಿಸಿತು: ಪ್ರವೇಶ ಪರೀಕ್ಷೆಗೆ ಇಂಗ್ಲಿಷಿನಲ್ಲಿ ಪಠ್ಯಪುಸ್ತಕವನ್ನೇ ನಿಗದಿಮಾಡಬಾರದು. ಪುಸ್ತಕವಿಲ್ಲದಿದ್ದರೆ ಟಿಪ್ಪಣಿಯಿಲ್ಲ, ಟಿಪ್ಪಣಿಯಿಲ್ಲದಿದ್ದರೆ ಉರುಹೊಡೆಯುವುದೂ ಇಲ್ಲ ಎಂಬುದು ಇದರ ಹಿಂದಿನ ತರ್ಕ. ತರ್ಕವೇನೋ ಸರಿ, ಆದರೆ ಪುಸ್ತಕವಿಲ್ಲದೆ ಪರಭಾಷೆಯ ಸಾಹಿತ್ಯವನ್ನು ಕಲಿಯಬೇಕಾದವನ ಕಷ್ಟವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಪುಸ್ತಕಗಳಿದ್ದ, ತಂದೆ ಇಂಗ್ಲಿಷ್ ಬಲ್ಲ ಹುಡುಗನಿಗೆ ಅಂಥ ಪರೀಕ್ಷೆ ಅನುಕೂಲ. ಹಳ್ಳಿಯಿಂದ ಬಂದು ವಾರಾನ್ನದಲ್ಲಿ ಓದುತ್ತಿದ್ದವನಿಗೆ ನಿಗದಿತ ಪುಸ್ತಕವೊಂದೇ ಆಸರೆ. ಟಿಪ್ಪಣಿಯ ಪುಸ್ತಕ ಅವನ ಪಾಲಿಗೆ ಸೋಮಾರಿತನದ ಗುರುತಲ್ಲ, ಅವನ ಮನೆಯಲ್ಲಿಲ್ಲದ ಗ್ರಂಥಾಲಯ. ಮುಂದೆ ಮದರಾಸು ಪ್ರಾಂತ್ಯದಲ್ಲಿಯೂ ಮೈಸೂರಿನಲ್ಲಿಯೂ ಮೆಟ್ರಿಕ್ಯುಲೇಷನ್ನಿನ ಸ್ಥಾನಕ್ಕೆ ಎಸ್.ಎಸ್.ಎಲ್.ಸಿ. ಬಂದಾಗಲೂ ಪಠ್ಯಪುಸ್ತಕ ಉಳಿಯಿತು. ಆಳವಾಗಿ ಓದಬೇಕಾದ ‘ಡೀಟೇಲ್ಡ್’ ಮತ್ತು ಕಥೆ ತಿಳಿದರೆ ಸಾಕಾದ ‘ನಾನ್‌ಡೀಟೇಲ್ಡ್’ ಎಂಬ ವಿಭಾಗ ಬಂದು, ಆ ಎರಡು ಪದಗಳೂ ಕನ್ನಡ ಶಾಲೆಗಳ ಮಾತಿನಲ್ಲಿ ಬೆರೆತವು.

ಪರೀಕ್ಷೆ ಏನನ್ನು ಅಳೆಯುತ್ತಿತ್ತೆಂಬ ಪ್ರಶ್ನೆಗೆ ಮೈಸೂರಿನ ಒಂದು ಪ್ರಕರಣ ಗಮನಾರ್ಹ. ಆರ್. ಕೆ. ನಾರಾಯಣ್ ಅವರ ತಂದೆ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಹಾಗಿದ್ದೂ ಅವರು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸಲ ತೇರ್ಗಡೆಯಾಗಲಿಲ್ಲ. ಅನುತ್ತೀರ್ಣರಾದ ವಿಷಯ ಇಂಗ್ಲಿಷ್. ಮನೆಯಲ್ಲಿ ಕಳೆದ ಆ ಒಂದು ವರ್ಷದಲ್ಲಿ ಅವರು ತಮಗೆ ಬೇಕಾದದ್ದನ್ನು ಓದಿದರು, ಬರೆಯಲಾರಂಭಿಸಿದರು. 1926ರಲ್ಲಿ ಪರೀಕ್ಷೆ ಮುಗಿಸಿ ಮಹಾರಾಜಾ ಕಾಲೇಜು ಸೇರಿದರು. ಮುಂದೆ ಅವರು ಯಾವ ಭಾಷೆಯಲ್ಲಿ ಜಗತ್ಪ್ರಸಿದ್ಧರಾದರೆಂಬುದನ್ನು ಹೇಳಬೇಕಾಗಿಲ್ಲ. ಈ ಪ್ರಕರಣವನ್ನು ಪ್ರತಿಭೆಯ ಎದುರು ಪರೀಕ್ಷೆಯ ಸೋಲೆಂದು ಕೊಂಡಾಡುವುದು ಸುಲಭ. ಆದರೆ ಒಂದು ವರ್ಷ ಕಳೆದುಕೊಳ್ಳುವ ಅನುಕೂಲ ಎಷ್ಟು ಮನೆಗಳಿಗಿತ್ತು ಎಂಬುದನ್ನೂ ಜೊತೆಗೆ ಕೇಳಬೇಕಾಗುತ್ತದೆ.

ಇದೇ ತರಗತಿಗಳ ಒಳಗಿನಿಂದ ಇನ್ನೊಂದು ಓದೂ ಮೂಡಿತು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ ಮೊದಲಿಗರಲ್ಲಿ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿ, ಶಾಲೆಗಳ ತನಿಖಾಧಿಕಾರಿಯಾಗಿ ವಿದ್ಯಾ ಇಲಾಖೆಯಲ್ಲಿ ದುಡಿದವರು. ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. 1926ರಲ್ಲಿ ಪ್ರಕಟವಾದ ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದ ಬಹುಪಾಲು ಮೂಲಪದ್ಯಗಳು ಪಾಲ್‌ಗ್ರೇವ್ 1861ರಲ್ಲಿ ಸಂಪಾದಿಸಿದ ‘ಗೋಲ್ಡನ್ ಟ್ರೆಷರಿ’ಯಲ್ಲಿವೆ. ಅದು ವಿದ್ಯಾರ್ಥಿಗಳು ಪರೀಕ್ಷೆಗಾಗಿ ಅಡಿಗೆರೆ ಎಳೆದು ಓದುತ್ತಿದ್ದ ಪುಸ್ತಕವೇ ಆಗಿತ್ತು. ಯಾವ ಪದ್ಯವನ್ನು ಗದ್ಯಕ್ಕಿಳಿಸಿ ಅಂಕ ಪಡೆಯಬೇಕಾಗಿತ್ತೋ ಅದೇ ಪದ್ಯವನ್ನು ಇವರು ಮತ್ತೆ ಪದ್ಯವಾಗಿ ಎತ್ತಿನಿಲ್ಲಿಸಿದರು. ಅದಕ್ಕಾಗಿ ಕನ್ನಡ ಛಂದಸ್ಸನ್ನೇ ಸಡಿಲಿಸಿ ಹೊಸ ಲಯಗಳನ್ನು ಕಟ್ಟಿದರು. ನವೋದಯದ ಪ್ರೇರಣೆಯನ್ನು ಇಂಗ್ಲಿಷ್ ಕಾವ್ಯದಲ್ಲಿ ಗುರುತಿಸುವ ವಿಮರ್ಶಕರು ಆ ಕಾವ್ಯ ಕನ್ನಡಿಗರ ಕೈಗೆ ಮೊದಲು ಬಂದದ್ದು ಪರೀಕ್ಷಾ ಪಠ್ಯವಾಗಿ ಎಂಬುದನ್ನು ಅಷ್ಟಾಗಿ ಒತ್ತಿಹೇಳಿಲ್ಲ.

ಟಿಪ್ಪಣಿ ಪದ್ಧತಿಯೂ ಇಂಗ್ಲಿಷ್ ಪತ್ರಿಕೆಯಲ್ಲೇ ನಿಲ್ಲಲಿಲ್ಲ. ದೇಶಭಾಷೆಗಳು ಪರೀಕ್ಷಾ ವಿಷಯಗಳಾಗಿ ಬೆಳೆದಂತೆ ಪ್ರಶ್ನೆಗಳ ಮಾದರಿಯೂ ಅವುಗಳಿಗೆ ದಾಟಿತೆಂದು ತಿಳಿಯಲು ಅವಕಾಶವಿದೆ. ಯಾರು, ಯಾರಿಗೆ, ಯಾವಾಗ ಹೇಳಿದರೆಂದು ವಿವರಿಸುವ ಇಂಗ್ಲಿಷ್ ಪ್ರಶ್ನೆಯು ಕನ್ನಡ ಪತ್ರಿಕೆಯಲ್ಲಿ ‘ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿ’ ಎಂಬ ರೂಪ ಪಡೆದಿದೆ, ಇಂದಿಗೂ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳು ಅದಕ್ಕೆ ಉತ್ತರ ಬರೆಯುತ್ತಾರೆ. ಇಲ್ಲಿ ‘ಸಂದರ್ಭ’ ಇಂಗ್ಲಿಷ್ ಪ್ರಶ್ನೆಯಿಂದ ಬಂದುದು. ‘ಸ್ವಾರಸ್ಯ’ಕ್ಕೆ ಆ ಪ್ರಶ್ನೆಯಲ್ಲಿ ಸಮಾನಪದವಿಲ್ಲ, ಅದು ವ್ಯಾಖ್ಯಾನಕಾರರ ಮತ್ತು ಗಮಕಿಗಳ ಪರಿಭಾಷೆಯದು, ಕೇಳುಗನಿಗೆ ಮಾತಿನ ರಸ ಎಲ್ಲಿದೆಯೆಂದು ತೋರಿಸಿಕೊಡುವ ಕೆಲಸಕ್ಕೆ ಸಂಬಂಧಿಸಿದ್ದು. ಈ ಪದವನ್ನು ಪ್ರಶ್ನೆಪತ್ರಿಕೆಗೆ ಸೇರಿಸಿದ ಹೆಸರಿಲ್ಲದ ಕನ್ನಡ ಪಂಡಿತರು ವಿದ್ಯಾರ್ಥಿಯಿಂದ ಟಿಪ್ಪಣಿಗಿಂತ ಹೆಚ್ಚಿನದೊಂದನ್ನು ನಿರೀಕ್ಷಿಸಿದ್ದರು. ಕಾಲಕ್ರಮದಲ್ಲಿ ಗೈಡುಗಳು ಪ್ರತಿ ಪಾಠದ ಕೊನೆಗೆ, ಪ್ರತಿ ವಾಕ್ಯಕ್ಕೂ ಒಂದರಂತೆ, ಸ್ವಾರಸ್ಯವನ್ನೂ ಅಚ್ಚುಹಾಕಿ ಕೊಡತೊಡಗಿದವು.